ಹರಿಹರಜ್ಜನ ಡೈನಮೋ

“ಸೂತಕ ಕಳೀತಲ್ಲ, ಇನ್ನು ನನ್ನ ಡೈನಮೋ ಕೊಡಿ,” ಎಂದರು ಪಕ್ಕದ ಮನೆಯ ಹರಿಹರಜ್ಜ, ಬಾಗಿಲಲ್ಲೇ ನಿಂತು.

ಅರ್ಪಣಾ ಕೈಯಲ್ಲಿದ್ದ ದೋಸೆಯ ಚೂರನ್ನು ಕೆಳಗಿಟ್ಟಳು. ಅವಳ ಅಜ್ಜ ಸುಬ್ರಾಯರು ತೀರಿಕೊಂಡ ಮೇಲೆ ಮನೆಯಲ್ಲಿ ಇವತ್ತೇ ಮೊದಲು ದೋಸೆ ಹುಯ್ದದ್ದು. ನೆಂಟರೆಲ್ಲ ನಿನ್ನೆ ಹೋಗಿದ್ದರು. ಅಜ್ಜನ ಕುರ್ಚಿಯ ಮೇಲೆ ಯಾರೋ ಒಣಗಿದ ಬಟ್ಟೆ ರಾಶಿ ಹಾಕಿದ್ದರು.

“ಯಾವ ಡೈನಮೋ?” ಅಮ್ಮ ಕೇಳಿದರು.

“ನನ್ನ ಸೈಕಲ್‌ದು! ಸುಬ್ರಾಯ ಎರಡೇ ದಿನ ಅಂತ ಒಯ್ದ. ಸೂತಕದ ಮನೆಯಿಂದ ಎಂತದೂ ತರಬಾರದಲ್ಲ, ಅದಕ್ಕೆ ಹದಿಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಲೈಟಿಲ್ಲದೆ ಡೈರಿಗೆ ಹೋಗಿ ಮೊನ್ನೆ ಎಮ್ಮೆಗೆ ಗುದ್ದಿದೆ. ಎಮ್ಮೆಯೂ ಬೈದ ಹಾಗೆ ನೋಡ್ತು!”

ಡೈನಮೋ ಇದ್ದದ್ದು ಅರ್ಪಣಾಳ ಗಾಳಿಯಂತ್ರದಲ್ಲಿ. ಅಡಿಕೆ ಹಾಳೆಯ ರೆಕ್ಕೆ ಕತ್ತರಿಸಿದ್ದು ಅವಳು, ಡೈನಮೋ ಕೂರಿಸಿದ್ದು ಅಜ್ಜ. ಅಜ್ಜ ಮಾಡಿದ ಕೊನೆಯ ಕೆಲಸ ಅದೇ. ಅದನ್ನು ಬಿಚ್ಚಲು ಅವಳು ಯಾರಿಗೂ ಬಿಡುವವಳಲ್ಲ.

“ಇವತ್ತು ಕೊಪ್ಪದಲ್ಲಿ ಕಾಂಪಿಟಿಷನ್ ಅಜ್ಜ. ಬಲ್ಬ್ ಉರೀಬೇಕು.”

“ಹಾಗಾದ್ರೆ ಸಂಜೆ ಕೊಡು. ಅಲ್ಲಿವರೆಗೆ ನಾನೂ ಅದರ ಜೊತೆಗೇ ಇರ್ತೇನೆ. ನಿಮ್ಮ ವಂಶವನ್ನ ನಂಬ್ಲಿಕ್ಕಾಗಲ್ಲ.”

ಬಸ್ಸಿನಲ್ಲಿ ಅವರು ಡೈನಮೋ ಮೇಲೆ ಕೈಯಿಟ್ಟುಕೊಂಡೇ ಕುಳಿತರು. “ನಿನ್ನಜ್ಜ ಮಹಾ ಸೋಮಾರಿ. ಇಸ್ಪೀಟಿನಲ್ಲಿ ಮೋಸ. ನನ್ನ ಕೊಡೆ ಒಯ್ದು ತನ್ನ ಹೆಸರು ಬರೆದ ಮಾರಾಯ್ತಿ!”

ಹದಿಮೂರು ದಿನವೂ ಬಂದವರೆಲ್ಲ ‘ದೇವರಂಥ ಮನುಷ್ಯ’ ಎಂದಿದ್ದರು. ಅವರು ಬೇರೆ ಯಾರ ಬಗ್ಗೆಯೋ ಹೇಳಿದಂತಿತ್ತು. ಹರಿಹರಜ್ಜ ಬೈಯುತ್ತಿದ್ದದ್ದು ಮಾತ್ರ ಅವಳ ಅಜ್ಜನನ್ನೇ.

ಕೊಪ್ಪದ ಮೈದಾನದಲ್ಲಿ ಮೂವತ್ತು ಗಾಳಿಯಂತ್ರಗಳಿದ್ದವು. ಗಾಳಿ ಮಾತ್ರ ಇರಲಿಲ್ಲ. ದೊಡ್ಡ ಫ್ಯಾನ್ ತಂದರು, ಕರೆಂಟು ಹೋಯಿತು. ಮೇಷ್ಟ್ರೊಬ್ಬರು ಬಾಯಲ್ಲೇ ಊದಿ, ತಲೆ ಸುತ್ತಿ ಕುಳಿತರು.

“ಗಾಳಿ ಬರದಿದ್ರೆ ನಾವೇ ಗಾಳಿ ಹತ್ರ ಹೋಗುವ!” ಎಂದರು ಜಡ್ಜ್ ಚೈತ್ರ ಮೇಡಂ.

ಗೊಬ್ಬರ ಸಾಗಿಸುವ ಪಿಕಪ್ ಬಂತು. ಮಕ್ಕಳು ಐದೈದು ಜನ ಹತ್ತಿ ಯಂತ್ರ ಎತ್ತಿ ಹಿಡಿದರು. ಪಿಕಪ್ ಮೈದಾನ ಸುತ್ತಿತು. ಬಿಸಿಲಿಗೆ ಬಲ್ಬಿನ ಬೆಳಕು ಕಾಣಲಿಲ್ಲ. ಮೇಡಂ ತಾವೂ ಪಿಕಪ್ ಹತ್ತಿ ಕಂಬಳಿ ಹೊದ್ದು, ಬಲ್ಬನ್ನೂ ಒಳಗೆ ಎಳೆದುಕೊಂಡು ನೋಡತೊಡಗಿದರು.

“ಮೆಲ್ಲಗೆ ಮಾರಾಯ, ನನ್ನ ಡೈನಮೋ!” ಹರಿಹರಜ್ಜ ಪಿಕಪ್ ಹಿಂದೆ ಓಡಿದರು.

“ಮೆಲ್ಲಗೆ ಹೋದ್ರೆ ಉರಿಯಲ್ಲ ಅಜ್ಜ!” ಅರ್ಪಣಾ ಕೂಗಿದಳು.

“ಹಾಗಾದ್ರೆ ಜೋರಾಗಿ ಬಿಡು!”

“ಉರೀತು!” ಎಂದಿತು ಕಂಬಳಿ.

ಮೂರನೆಯ ಬಹುಮಾನ ಬಂತು. ಒಂದು ಪ್ಲಾಸ್ಟಿಕ್ ಬಕೆಟ್.

ವಾಪಸ್ ಬಸ್ಸಿನಲ್ಲಿ ಹರಿಹರಜ್ಜ ಪಂಚೆ ಸರಿಸಿ ಮೊಣಕಾಲು ಉಜ್ಜಿಕೊಂಡರು. ಎಮ್ಮೆಗೆ ಗುದ್ದಿದ ಗಾಯ ಇನ್ನೂ ಆರಿರಲಿಲ್ಲ. ಅರ್ಪಣಾ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬ್ಯಾಗಿನಿಂದ ಅಜ್ಜನ ಸ್ಪ್ಯಾನರ್ ತೆಗೆದಳು. ಅಜ್ಜ ನಟ್ಟನ್ನು ಬಹಳ ಬಿಗಿ ಮಾಡಿದ್ದರು. ಎರಡೂ ಕೈಯಿಂದ ತಿರುಗಿಸಬೇಕಾಯಿತು.

“ತಕೊಳ್ಳಿ.”

ಹರಿಹರಜ್ಜ ಡೈನಮೋ ಹಿಡಿದುಕೊಂಡರು. “ಆ ಸುಬ್ರಾಯ...” ಎಂದರು. ಕಿಟಕಿಯ ಕಡೆ ಮುಖ ತಿರುಗಿಸಿದರು.

ಅರ್ಪಣಾ ಕೈಯಲ್ಲಿದ್ದ ಸ್ಪ್ಯಾನರ್ ನೋಡಿದಳು. ಅದರ ಹಿಡಿಯ ಮೇಲೆ ಕೆಂಪು ಪೇಂಟಿನಲ್ಲಿ ‘ಹರಿಹರ’ ಎಂದು ಬರೆದಿತ್ತು.

“ಅಜ್ಜ, ಇದೂ ನಿಮ್ಮದೇ.”

“ಸ್ಪ್ಯಾನರೂ? ಮಳೆಗಾಲದಿಂದ ಹುಡುಕ್ತಿದ್ದೇನೆ! ಎಂತ ಕಳ್ಳ ಮಾರಾಯ್ತಿ ನಿನ್ನಜ್ಜ!”

ಬಸ್ಸು ಶೃಂಗೇರಿ ಮುಟ್ಟುವವರೆಗೂ ಅವರು ಬೈದರು. ಅರ್ಪಣಾ ಬಕೆಟ್ ಅಪ್ಪಿಕೊಂಡು, ಒಂದು ಮಾತೂ ತಪ್ಪಿಸದೆ ಕೇಳಿದಳು.