ಡ್ರಮ್ಮಿಗೆ ಬೀಳದ ಕಾರ್ಡುಗಳು

೧೯೭೮ರ ಜನವರಿಯ ಕೊನೆಯ ವಾರದಲ್ಲಿ ಅಮೆರಿಕದ ಸುಪೀರಿಯರ್ ಸರೋವರದ ಕಡೆಯಿಂದೆದ್ದ ಹಿಮಬಿರುಗಾಳಿಗೆ ಸಿಕ್ಕಿ ಟಮರಾಕ್ ಕೊಲ್ಲಿ ಎಂಬ ಊರಿನ ಶಾಲಾ ಬಸ್ಸು ಹಳ್ಳಕ್ಕೆ ಮಗುಚಿಬಿದ್ದಾಗ ಅದರೊಳಗೆ ಹನ್ನೊಂದು ಮಕ್ಕಳಿದ್ದರು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಇಪ್ಪತ್ತೊಂಬತ್ತರ ಯುವಕ ವೈನೊ ಹಾರ್ಯು, ತನ್ನ ಕೈ ತನಗೇ ಕಾಣದ ಆ ಬಿಳುಪಿನಲ್ಲಿ ಬೇಲಿಯ ಕಂಬಗಳನ್ನು ತಡವಿಕೊಂಡು ಎರಡು ಮೈಲಿ ನಡೆದು ಬಂದ. ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿದ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಹನ್ನೊಂದು ಹೆಸರುಗಳನ್ನೂ ಕೂಗಿ, ಹನ್ನೊಂದು ಸಲ ‘ಇದ್ದೀನಿ’ ಎಂಬುದನ್ನು ಕೇಳಿದ ಮೇಲೆಯೇ ಮುಂದಿನ ಹೆಜ್ಜೆಯಿಟ್ಟ. ಆ ಚಳಿ ಅವನ ಎಡಗೈಯ ಎರಡು ಬೆರಳುಗಳನ್ನು ತಿಂದುಹಾಕಿತು. ಮಕ್ಕಳಲ್ಲಿ ಮಾತ್ರ ಒಬ್ಬರೂ ಕಡಿಮೆಯಾಗಲಿಲ್ಲ.

ಹಗ್ಗದ ಕೊನೆಯ ಗಂಟಿನಲ್ಲಿದ್ದವನು ಎಂಟು ವರ್ಷದ ಡೇಲ್ ಲಾಹ್ತಿ. ಈಗ ಆತ ಅದೇ ಊರಿನ ಪೊಲೀಸ್ ಠಾಣೆಯ ಸಾರ್ಜೆಂಟ್.

೨೦೨೪ರ ಅಕ್ಟೋಬರ್ ಹದಿನೈದು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಐಲಿ ಕೊಸ್ಕೆಲಾ ಠಾಣೆಯ ಮೆಟ್ಟಿಲೇರಿ ಬಂದರು. ಎಪ್ಪತ್ತೊಂಬತ್ತು ವರ್ಷ. ಊರಿನ ಅರ್ಧದಷ್ಟು ಜನಕ್ಕೆ ಭಾನುವಾರದ ಚರ್ಚ್ ಶಾಲೆಯಲ್ಲಿ ಪಾಠ ಹೇಳಿದವರು. ಮೇಜಿನ ಮೇಲೆ ಬಿಸ್ಕತ್ತಿನ ಒಂದು ತಗಡಿನ ಡಬ್ಬವಿಟ್ಟು, ಅದರೊಳಗಿಂದ, ಕತ್ತರಿಸಿದ ಕಾಗದದ ಒಂದು ಮೂಲೆಯನ್ನು ತೆಗೆದರು. ಅದರ ಮೇಲೆ ಬಾತುಕೋಳಿಯ ಚಿತ್ರವಿದ್ದ ಮೂರು ಹಳೆಯ ಅಂಚೆಚೀಟಿಗಳು ಒತ್ತಾಗಿ ಅಂಟಿದ್ದವು.

“ಇದು ನಂದು, ಡೇಲ್.”

“ಹೇಗೆ ಹೇಳ್ತೀರಿ, ಟೀಚರ್?”

“ನಮ್ಮನೆಯವರ ಸಂಗ್ರಹದ ಚೀಟಿ ಕಣಪ್ಪ. ಅಂಚೆ ದರ ಸರಿಹೋಗ್ಲಿ ಅಂತ ಮೂರು ಹಚ್ಚಿದ್ದೆ. ಅಂಚೆ ಮುದ್ರೆ ನೋಡು, ಅಕ್ಟೋಬರ್ ಎರಡು. ಅಗ್ನಿಶಾಮಕ ದಳದವರ ಟ್ರಕ್ ಬಹುಮಾನದ ಡ್ರಾಗೆ ನಾನು ಕಳಿಸಿದ ಕಾರ್ಡಿನ ಮೂಲೆ ಇದು.”

“ನಿಮ್ಮ ಕೈಗೆ ಹೇಗೆ ಬಂತು?”

“ಮಾರಿ ಮಿಷನ್ನಿಗೆ ದುಡ್ಡು ಕಳಿಸೋಕೆ ಅಂತ ಹಳೇ ಚೀಟಿ ಕೂಡಿಡ್ತೀವಲ್ಲ, ಆ ಡಬ್ಬದಲ್ಲಿ. ಶುಕ್ರವಾರ ಚರ್ಚಿಗೆ ತಂದುಕೊಟ್ರು. ಡ್ರಾ ಆಗಿದ್ದು ಭಾನುವಾರ.”

“ಯಾರು ತಂದುಕೊಟ್ಟಿದ್ದು?”

ಐಲಿ ಕಿಟಕಿಯ ಕಡೆ ನೋಡಿದರು. “ನಲವತ್ತು ವರ್ಷದಿಂದ ಯಾರು ತಂದುಕೊಡ್ತಾರೋ ಅವರೇ.”

ಅದು ಹಾರ್ಯು ಎಂಬುದು ಡೇಲ್‌ಗೆ ಗೊತ್ತಿತ್ತು; ಕೂಡಲೇ ಬರೆದುಕೊಳ್ಳಲಿಲ್ಲ. ಮೂಲೆ ಕತ್ತರಿಸಿಕೊಂಡು ಉಳಿದ ಕಾರ್ಡನ್ನು ಬಹುಮಾನದ ಚೀಟಿಯೆತ್ತುವ ಡ್ರಮ್ಮಿಗೆ ಹಾಕಿರಬಹುದಲ್ಲ ಎಂದು ಅವನ ಮನಸ್ಸು ಒಂದು ದಾರಿ ಹುಡುಕಿತು. ಅದನ್ನೇ ಬಾಯಿಬಿಟ್ಟು ಹೇಳಿದ.

“ಹಾಗಿದ್ರೆ ಒಳ್ಳೇದಪ್ಪ, ತೆಗೆದು ನೋಡು. ಟ್ರಕ್ ಬರ್ಲಿಲ್ಲ ಅಂತ ಬಂದವಳಲ್ಲ ನಾನು. ನನ್ನ ಕಾರು ಆಗಸ್ಟಿನಲ್ಲೇ ಪ್ರಾಣ ಬಿಡ್ತು, ಈ ಸಲ ದೇಣಿಗೆ ಕೊಡೋಕಾಗ್ಲಿಲ್ಲ, ಅದಕ್ಕೇ ಕಾರ್ಡ್ ಹಾಕಿದೆ. ಸೋತಿದ್ರೆ ಸೋತೆ ಅಂತಿದ್ದೆ. ಆದ್ರೆ ಆ ಡ್ರಮ್ಮಿನಲ್ಲಿ ನಾನು ಇದ್ನೋ ಇಲ್ವೋ, ಅದು ಗೊತ್ತಾಗ್ಬೇಕು.”

ಹತ್ತು ಐವತ್ತಕ್ಕೆ ಪ್ರಥಮ ವರ್ತಮಾನ ವರದಿ ದಾಖಲಾಯಿತು.

ಆ ಡ್ರಾದ ಮೂಲ ಅಗ್ನಿಶಾಮಕ ದಳದ ಮೇ ತಿಂಗಳ ಸಭೆಯಲ್ಲಿತ್ತು. ಹೊಸ ಆಂಬುಲೆನ್ಸಿಗಾಗಿ ಹಣ ಎತ್ತಬೇಕು. ಬಹುಮಾನಕ್ಕೆ ಒಂದು ಟ್ರಕ್ಕನ್ನು ಯಾರೋ ದಾನವಾಗಿ ಕೊಟ್ಟಿದ್ದರು. ರಾಫಲ್ ನಡೆಸುವುದೋ, ಸ್ವೀಪ್‌ಸ್ಟೇಕ್ಸ್ ನಡೆಸುವುದೋ ಎಂಬುದೇ ಪ್ರಶ್ನೆ. ರಾಫಲ್ ಎಂದರೆ ಟಿಕೆಟ್ ಕೊಂಡವರಿಗಷ್ಟೇ ಅವಕಾಶ. ಅದಕ್ಕೆ ಸರ್ಕಾರದ ಪರವಾನಗಿ ಬೇಕು, ಟಿಕೆಟನ್ನು ಹೊರ ರಾಜ್ಯಗಳಿಗೆ ಅಂಚೆಯಲ್ಲಿ ಮಾರುವಂತಿಲ್ಲ. ಸ್ವೀಪ್‌ಸ್ಟೇಕ್ಸಿನಲ್ಲಿ ದೇಶದ ಯಾವ ಮೂಲೆಯಿಂದಾದರೂ ದೇಣಿಗೆ ಪಡೆಯಬಹುದು; ಆದರೆ ಏನೂ ಕೊಡದೆ ಬರಿಯ ಒಂದು ಅಂಚೆಕಾರ್ಡು ಬರೆದವರಿಗೂ ದೇಣಿಗೆಯಿತ್ತವರಷ್ಟೇ ಅವಕಾಶವಿರಬೇಕು. ದಳದ ಮುಖ್ಯಸ್ಥನಾಗಿದ್ದ ಹಾರ್ಯು ರಾಫಲ್ಲೇ ಬೇಕೆಂದು ಹಟ ಹಿಡಿದ. ಕಾನೂನಿನ ವಿಚಾರ ಕೇಳಲು ಡೇಲ್‌ನನ್ನು ಕರೆಸಿದ್ದರು. “ಊರಿಂದ ಹೊರಗೆ ಹೋದ ಮಕ್ಕಳೆಲ್ಲ ಬೇರೆ ರಾಜ್ಯದಲ್ಲಿದ್ದಾರೆ, ಚೀಫ್. ಅವರ ದೇಣಿಗೆ ಬೇಕು ಅಂದ್ರೆ ಸ್ವೀಪ್‌ಸ್ಟೇಕ್ಸೇ ಸರಿ,” ಎಂದಿದ್ದ ಆತ. ಹಾರ್ಯು ಒಬ್ಬನನ್ನು ಬಿಟ್ಟು ಎಲ್ಲರೂ ಅದಕ್ಕೇ ಕೈಯೆತ್ತಿದ್ದರು.

ಮಧ್ಯಾಹ್ನ ಹನ್ನೆರಡೂವರೆಗೆ ಡೇಲ್, ಕಾನ್‌ಸ್ಟೇಬಲ್ ಮರೀಸಾ ಪೆಲ್ಕಿಯೊಡನೆ ದಳದ ಕಚೇರಿಗೆ ಹೋದ. ಡ್ರಾ ಮುಗಿದ ಮೇಲೆ ಡ್ರಮ್ಮಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದ್ದರು. ಮುದ್ರೆ ಹಾಗೆಯೇ ಇತ್ತು. ಊರಿನ ಪಾದ್ರಿಯನ್ನೂ ಅಂಚೆ ಕಚೇರಿಯ ಒಡತಿ ಲೆಂಪಿಯನ್ನೂ ಸಾಕ್ಷಿಗಳಾಗಿ ಕೂರಿಸಿಕೊಂಡು ಪಂಚನಾಮೆ ನಡೆಸಲಾಯಿತು.

“ಕಾರ್ಡುಗಳು ಎಷ್ಟು ಬಂದವು, ಲೆಂಪಿ?”

“ನಾಲ್ಕು ಚೀಲ. ನಾನೇ ಹೊತ್ಕೊಂಡು ಬಂದು ಚೀಫ್ ಕೈಗೆ ಕೊಟ್ಟೆ. ‘ಸೋಮಾರಿಗಳ ಪತ್ರ ಬಂತು’ ಅಂತ ಪ್ರತಿ ಸಲಾನೂ ಗೊಣಗೋರು. ತಮಾಷೆಗೆ ಅಂದ್ಕೊಂಡಿದ್ದೆ.”

ಡ್ರಮ್ಮನ್ನು ನೆಲದ ಮೇಲೆ ಹಾಸಿದ ಬಟ್ಟೆಗೆ ಬರಿದು ಮಾಡಿದರು. ದೇಣಿಗೆದಾರರ ಹೆಸರು ಅಚ್ಚಾಗಿದ್ದ ಹಳದಿ ಚೀಟಿಗಳು ರಾಶಿ ಬಿದ್ದವು. ನಾಲ್ವರೂ ಮಂಡಿಯೂರಿ ಎರಡು ಗಂಟೆ ಕಾಲ ಅವನ್ನು ತಿರುವಿಹಾಕಿದರು. ಕೈಬರಹದ ಒಂದು ಕಾರ್ಡೂ ಸಿಗಲಿಲ್ಲ. ಪಾದ್ರಿ ಸಹಿ ಹಾಕುವಾಗ ಲೇಖನಿ ಎರಡು ಸಲ ನಿಂತಿತು.

“ಸಾರ್, ಬೇಕಾದ್ರೆ ನಾನೊಬ್ಬಳೇ ಹೋಗಿ ಚೀಫ್‌ನ ಕರ್ಕೊಂಡು ಬರ್ತೀನಿ,” ಎಂದಳು ಮರೀಸಾ.

“ಬೇಡ. ನಾನೂ ಬರ್ತೀನಿ.”

ಮೂರು ನಲವತ್ತಕ್ಕೆ ಹಾರ್ಯು ತನ್ನ ಮನೆಯ ಹಿಂದೆ, ಉಗಿಸ್ನಾನದ ಕೋಣೆಯಾದ ಸೌನಾದ ಒಲೆಗೆ ಬರ್ಚ್ ಸೌದೆ ಸೀಳುತ್ತಿದ್ದ. ಸಮವಸ್ತ್ರದ ಇಬ್ಬರನ್ನು ಕಂಡು ಕೊಡಲಿಯನ್ನು ಕೊರಡಿಗೆ ಕಚ್ಚಿಸಿದ.

“ಏನೋ ಡೇಲ್, ಕಾಫಿಗೆ ಬಂದ್ಯೋ, ಕೈಕೋಳ ತಂದ್ಯೋ?”

“ಕಾರ್ಡುಗಳೆಲ್ಲಿ, ಚೀಫ್?”

ಹಾರ್ಯು ಎಡಗೈಯ ಮೊಂಡು ಬೆರಳುಗಳಿಂದ ಒಲೆಯ ಕಡೆ ತೋರಿಸಿದ.

“ಎಲ್ಲಾನೂ?”

“ಎಲ್ಲಾನೂ.”

“ಯಾವಾಗ?”

“ಬಂದ ಬಂದ ಹಾಗೇ, ಶನಿವಾರ ಶನಿವಾರ, ಸೌನಾ ಕಾಯಿಸುವಾಗ.”

“ಅಂಚೆಚೀಟಿ ಯಾಕೆ ಕತ್ತರಿಸಿಟ್ರಿ?”

ಮುದುಕ ನಕ್ಕ, ಆ ನಗೆಯಲ್ಲಿ ಸಿಕ್ಕಿಬಿದ್ದ ನಾಚಿಕೆಯಿತ್ತು. “ಚೀಟಿ ಸುಡೋಕೆ ಕೈ ಬರ್ಲಿಲ್ಲ ಕಣೋ. ಮಿಷನ್ನಿಗೆ ಅಂತ ನಮ್ಮಮ್ಮ ಕಲಿಸಿದ್ದು. ಕತ್ತರಿ ತಾನೇ ಓಡ್ತು.”

“ಯಾಕೆ ಹೀಗೆ ಮಾಡಿದ್ರಿ?”

“ಯಾವನೋ ಫ್ಲಾರಿಡಾದಲ್ಲಿ ಬಿಸಿಲು ಕಾಯಿಸ್ಕೊಂಡು ದಿನಕ್ಕೆ ಐವತ್ತು ಕಾರ್ಡ್ ಗೀಚ್ತಾನೆ. ಈ ಊರಿಗೆ ಬೆಂಕಿ ಬಿದ್ರೆ ಅವನು ಬರ್ತಾನಾ? ರಾಫಲ್ಲಾಗಿದ್ರೆ ಮನೆಮನೆ ಬಾಗಿಲು ತಟ್ಟಿ ಟಿಕೆಟ್ ಮಾರ್ತಿದ್ದೆ. ಕೊಟ್ಟವರ ಮುಖ ನನಗೆ ಗೊತ್ತಿರ್ತಿತ್ತು. ಅವತ್ತು ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ರು, ಇರ್ಲಿ. ಆದ್ರೆ ಆ ದಾರಿ ತೋರ್ಸಿದ್ದು ನೀನು, ಡೇಲ್! ನಿನ್ನನ್ನ ನಾನು ಹಗ್ಗ ಕಟ್ಟಿ ಎಳ್ಕೊಂಡು ಬಂದಿದ್ದೆ.”

ಡೇಲ್ ಅಂಗಿಯ ಜೇಬಿನಿಂದ ಪಾರದರ್ಶಕ ಲಕೋಟೆಯನ್ನು ತೆಗೆದು ಹಿಡಿದ. ಒಳಗೆ ಮೂರು ಬಾತುಕೋಳಿಗಳಿದ್ದವು.

“ಇದು ಫ್ಲಾರಿಡಾದ್ದಲ್ಲ. ಐಲಿ ಟೀಚರದ್ದು.”

ಹಾರ್ಯು ಅದನ್ನೇ ನೋಡುತ್ತ ನಿಂತ. ಮೂವತ್ತು ವರ್ಷ, ಬೆಂಕಿ ಆರಿಸಿ ಬಂದವರಿಗೆಲ್ಲ ಬಿಸಿ ಮೀನಿನ ಸಾರು ಕಾಯಿಸಿಟ್ಟು ಕಾದವರು ಐಲಿ. ಅದರ ಮೊದಲ ಬಟ್ಟಲು ಪ್ರತಿ ಸಲವೂ ಅವನ ಕೈಗೇ ಬರುತ್ತಿತ್ತು.

“ಐಲಿ ಕಾರ್ಡ್ ಹಾಕಿದ್ಲಾ?”

“ಕೊಡೋಕೆ ಅವರ ಹತ್ರ ಏನೂ ಇರ್ಲಿಲ್ಲ. ಊರಿನವರು ಇನ್ನೂ ಎಷ್ಟು ಜನ ಇದ್ರೋ! ನೀವು ಹೆಸರು ನೋಡ್ಲಿಲ್ವಾ, ಚೀಫ್?”

ಹಾರ್ಯು ಕೊರಡಿನಿಂದ ಕೊಡಲಿ ಕಿತ್ತು ಗೋಡೆಗೆ ಒರಗಿಸಿದ.

“ಇಲ್ಲ,” ಎಂದ ಹಾರ್ಯು. “ಹೆಸರು ಓದ್ಲಿಲ್ಲ.”

ನಾಲ್ಕು ಇಪ್ಪತ್ತೈದಕ್ಕೆ ವಂಚನೆ ಹಾಗೂ ಸಾಕ್ಷ್ಯನಾಶದ ಆರೋಪದ ಮೇಲೆ ವೈನೊ ಹಾರ್ಯುವನ್ನು ದಸ್ತಗಿರಿ ಮಾಡಲಾಯಿತು. ಆತ ತಾನಾಗಿಯೇ ಎರಡೂ ಕೈಗಳನ್ನು ಮುಂದೆ ಚಾಚಿದ. ಡೇಲ್ ಕೋಳ ತೊಡಿಸಲಿಲ್ಲ. ತೋಳು ಹಿಡಿದು ಕಾರಿನವರೆಗೆ ನಡೆಸಿಕೊಂಡು ಹೋದ.

ಡ್ರಾ ರದ್ದಾಯಿತು, ಕಾರ್ಡು ಬರೆದವರೆಲ್ಲ ಮತ್ತೊಮ್ಮೆ ಬರೆಯಬೇಕೆಂದು ದಳದ ಸಮಿತಿ ಸಂಜೆಯೇ ಪ್ರಕಟಿಸಿತು. ಡೇಲ್ ಐಲಿಗೆ ಫೋನ್ ಮಾಡಿ, “ನೀವು ಡ್ರಮ್ಮಿನಲ್ಲಿ ಇರ್ಲಿಲ್ಲ, ಟೀಚರ್,” ಎಂದಷ್ಟೇ ಹೇಳಿದ. ಅತ್ತಲಿಂದ, “ಚೀಫ್ ಊಟ ಮಾಡಿದ್ರಾ?” ಎಂಬ ಪ್ರಶ್ನೆ ಬಂತು.

ಆಮೇಲೆ ಡೇಲ್ ವರದಿ ಬರೆಯಲು ಕುಳಿತ. ಅಪರಾಧದ ಉದ್ದೇಶ ಎಂಬ ಅಂಕಣದಲ್ಲಿ, ‘ಆರೋಪಿಯು ತನಗಾಗಿ ಏನನ್ನೂ ತೆಗೆದುಕೊಂಡಿಲ್ಲ, ಕೊಟ್ಟವರು ಮಾತ್ರವೇ ತನ್ನವರೆಂದು ಬಗೆದಿದ್ದನು’ ಎಂದು ಬರೆದು ಲೇಖನಿ ಕೆಳಗಿಟ್ಟ.

ಎದುರಿನ ಮೇಜಿನಲ್ಲಿ ಮರೀಸಾ ಪಂಚನಾಮೆಯ ಪ್ರತಿಗಳನ್ನು ಜೋಡಿಸುತ್ತಿದ್ದಳು. ಬಸ್ಸು ಮಗುಚಿದ ಆ ಚಳಿಗಾಲದಲ್ಲಿ ಅವಳಿನ್ನೂ ಹುಟ್ಟಿರಲಿಲ್ಲ. ಹಗ್ಗದ ಮೂರನೆಯ ಗಂಟಿನಲ್ಲಿದ್ದವಳು ಅವಳ ತಾಯಿ.

“ಸಾರ್,” ಎಂದಳು, ತಲೆಯೆತ್ತದೆ. “ಆ ಹಗ್ಗದ ಕತೆ ಇನ್ನೊಂದ್ಸಲ ಹೇಳ್ತೀರಾ? ಅವರು ಹೆಸರು ಕೂಗ್ತಿದ್ದದ್ದು, ಅದನ್ನೂ ಸೇರಿಸಿ. ಹನ್ನೊಂದೂ ಹೇಳಿ.”