ಹತ್ತು ಅಟ್ಯಾಕ್, ಹತ್ತು ಹೀಲಿಂಗ್

“ಹತ್ತು ಅಟ್ಯಾಕ್‌ಗೆ, ಹತ್ತು ಹೀಲಿಂಗ್‌ಗಾ? ತಲೆ ಕೆಟ್ಟಿದ್ಯಾ ನೀಲಾ ನಿಂಗೆ?”

ಹರ್ಷವರ್ಧನ್ ಕೂಗಿದ ಜೋರಿಗೆ ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ಎದ್ದು ಓಡಿತು.

ನೀಲಾಂಬಿಕಾ ಫೋನನ್ನು ಎದೆಗೆ ಒತ್ತಿಕೊಂಡಳು. ಆದರೆ ಹರ್ಷ ಆಗಲೇ ನೋಡಿಬಿಟ್ಟಿದ್ದ.

“ಓಕೆ ಒತ್ಬಿಟ್ಯಾ?”

“ಒತ್ಬಿಟ್ಟೆ.”

“ಮುಗೀತು ಕತೆ!” ಹರ್ಷ ತಲೆಯ ಮೇಲೆ ಕೈ ಇಟ್ಟುಕೊಂಡ.

ಅವರು ಆಡುತ್ತಿದ್ದದ್ದು ‘ಏಳು ಬಾಗಿಲು’ ಎಂಬ ಆನ್‌ಲೈನ್ ಗೇಮ್. ಒಂದು ದೊಡ್ಡ ಕೋಟೆ, ಅದಕ್ಕೆ ಏಳು ಬಾಗಿಲು. ಒಂದೊಂದು ಬಾಗಿಲಿಗೂ ಒಂದೊಂದು ಪ್ರಾಣಿ ಸೈನ್ಯದ ಕಾವಲು. ಒಂದು ಟೀಮಿನಲ್ಲಿ ಮೂವರು ಮಾತ್ರ. ಏಳನೇ ಕ್ಲಾಸಿನ ಹರ್ಷ ಕತ್ತಿ ಹಿಡಿದವನು. ಆರನೇ ಕ್ಲಾಸಿನ ಮಲ್ಲಿಕ್ ಬಿಲ್ಲಿನವನು. ಮಲ್ಲಿಕ್‌ನ ಕ್ಲಾಸಿನವಳೇ ಆದ ನೀಲಾ ಹೀಲರ್. ಗಾಯವಾದವರನ್ನು ಹೀಲ್ ಮಾಡಿ, ಅವರ ಜೀವ ಕಡಿಮೆಯಾಗದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ.

ಇಪ್ಪತ್ತನೇ ಲೆವೆಲ್ ಮುಟ್ಟಿದಾಗ ಇಪ್ಪತ್ತು ಪಾಯಿಂಟ್ ಸಿಗುತ್ತದೆ. ಅದನ್ನು ಯಾವ ಶಕ್ತಿಗೆ ಬೇಕಾದರೂ ಹಾಕಿಕೊಳ್ಳಬಹುದು. ಒಮ್ಮೆ ಹಾಕಿದರೆ ಮಾತ್ರ ವಾಪಸ್ ತೆಗೆಯುವ ಹಾಗಿಲ್ಲ.

“ಇಪ್ಪತ್ತೂ ಹೀಲಿಂಗ್‌ಗೆ ಹಾಕು ಅಂತ ಎಷ್ಟು ಸಲ ಹೇಳಿದ್ದೆ?” ಎಂದ ಹರ್ಷ.

“ಮೂರು ತಿಂಗ್ಳಿಂದ ನಿಮ್ಮಿಬ್ರ ಹಿಂದೆ ನಿಂತು ಹೀಲ್ ಮಾಡಿದ್ದೇ ಮಾಡಿದ್ದು. ನಾನೂ ಹೊಡೀಬೇಕು.”

“ಹೊಡಿಯೋಕೆ ನಾವಿದ್ದೀವಲ್ಲ?”

“ನೀವು ಹೊಡೀತೀರ, ನಾನು ಪಟ್ಟಿ ಕಟ್ತಾ ಕೂತಿರ್ಬೇಕಾ? ನಾನೇನು ನರ್ಸಮ್ಮಾನಾ?”

ಮಲ್ಲಿಕ್ ಕಿಸಕ್ಕನೆ ನಕ್ಕ. “ನರ್ಸಮ್ಮನ ಕೈಗೆ ಈಗ ಕತ್ತಿ ಬಂತು ಗುರು! ಇಂಜೆಕ್ಷನ್‌ಗೆ ಅಂತ ಹೋದ್ರೆ ಕುತ್ತಿಗೇನೇ ಹೋಗತ್ತೆ!”

“ನಗ್ಬೇಡ ಮಗಾ. ಈಗ ಇವ್ಳು ಪೂರ್ತಿ ಹೀಲರೂ ಅಲ್ಲ, ಪೂರ್ತಿ ಫೈಟರೂ ಅಲ್ಲ. ಕಾಫಿಗೆ ಟೀ ಸುರಿದಂಗಾಯ್ತು.”

“ಒಂದ್ಸಲ ಆಡಿ ನೋಡೋಣ,” ಎಂದಳು ನೀಲಾ.

ಮಾಕಳಿಯ ಆ ಮೂರಂತಸ್ತಿನ ಮನೆ ಹರ್ಷನ ಅಪ್ಪನದು. ಮೇಲೆ ಅವರು, ನಡುವೆ ಮಲ್ಲಿಕ್‌ನವರು, ಕೆಳಗಿನ ಒಂದು ರೂಮಿನಲ್ಲಿ ನೀಲಾಳ ಮನೆ. ಹರ್ಷನ ಮನೆಯ ವೈಫೈ ಮೆಟ್ಟಿಲಿನ ತಿರುವಿನ ತನಕ ಬರುತ್ತಿತ್ತು. ಅದಕ್ಕೇ ಮೂವರೂ ಅಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಿದ್ದರು.

ಮೂರನೇ ಬಾಗಿಲಲ್ಲಿ ಬೆಂಕಿ ಕಪ್ಪೆಗಳು ಬಂದವು. ನೀಲಾ ಮೊದಲೇ ಲೆಕ್ಕ ಹಾಕಿಕೊಂಡಿದ್ದಳು. ಎರಡಕ್ಕೂ ಸಮ ಸಮ ಪಾಯಿಂಟ್ ಹಾಕಿದ ಮೇಲೆ ಆಟವೂ ಸಮ ಸಮ ಇರಬೇಕಲ್ಲವೇ? ಒಂದು ಏಟು, ಒಂದು ಹೀಲ್. ಒಂದು ಏಟು, ಒಂದು ಹೀಲ್.

“ಹೀಲ್! ಹೀಲ್! ಸಾಯ್ತಾ ಇದೀನಿ ಕಣೇ!” ಹರ್ಷ ಕಿರುಚಿದ.

“ಒಂದ್ನಿಮಿಷ, ಈಗ ಏಟಿನ ಸರದಿ!”

“ಏನು ಸರದಿ? ಸತ್ತೇ!”

ಅವನ ಕತ್ತಿವೀರ ದಬಕ್ಕನೆ ಬಿದ್ದ. ನೀಲಾ ಅತ್ತ ಓಡುವಷ್ಟರಲ್ಲಿ ಮಲ್ಲಿಕ್‌ನ ಬಿಲ್ಲುಗಾರನೂ ಬಿದ್ದ. ಕೊನೆಗೆ ಉಳಿದ ಅವಳ ಸುತ್ತ ಕಪ್ಪೆಗಳು ಕೂತು ವಟಗುಟ್ಟಿದವು.

ಇನ್ನೊಂದು ಸಲ ಆಡಿದರು. ಹಾಗೇ ಆಯಿತು.

ಹರ್ಷ ಫೋನನ್ನು ಜೇಬಿಗೆ ಹಾಕಿಕೊಂಡ. ಈಗ ಅವನು ಕೂಗಲಿಲ್ಲ. ಅದೇ ನೀಲಾಳಿಗೆ ಹೆದರಿಕೆ ತಂದಿತು.

“ನೋಡು, ಭಾನುವಾರ ಆಡ್ತೀವಲ್ಲ? ಆವತ್ತು ನಾಲ್ಕನೇ ಬಾಗ್ಲು ದಾಟ್ಲಿಲ್ಲ ಅಂದ್ರೆ, ದಾವಣಗೆರೆಯಿಂದ ನಮ್ಮ ಚಿಕ್ಕಪ್ಪನ ಮಗ ಕೊಟ್ರೇಶನ್ನ ಸೇರಿಸ್ಕೋತೀನಿ. ಅವ್ನು ಪೂರ್ತಿ ಹೀಲರ್. ಇಪ್ಪತ್ತಕ್ಕೆ ಇಪ್ಪತ್ತು.”

“ಮತ್ತೆ ನಾನು?”

ಹರ್ಷ ಮೆಟ್ಟಿಲು ಹತ್ತಿ ಹೋದ. ಮಲ್ಲಿಕ್ ಚಪ್ಪಲಿಯ ಉಂಗುಷ್ಟವನ್ನೇ ನೋಡುತ್ತಾ ಕೂತ.

ತನ್ನೂರು ಯಲಬುರ್ಗಾದಿಂದ ಇಲ್ಲಿಗೆ ಬಂದ ಮೊದಲ ವರ್ಷ ನೀಲಾ ಸಂಜೆ ಹೊತ್ತು ಒಬ್ಬಳೇ ಬಾಗಿಲಲ್ಲಿ ಕೂತು, ತುಮಕೂರು ರಸ್ತೆಯ ಲಾರಿಗಳನ್ನು ಎಣಿಸುತ್ತಿದ್ದಳು. ಗೇಮ್ ಶುರುವಾದ ಮೇಲೆಯೇ “ನೀಲಾ, ಬಾರೇ!” ಎಂದು ಮೇಲಿನಿಂದ ಯಾರಾದರೂ ಕರೆಯತೊಡಗಿದ್ದು.

ಅವಳು ರೂಮಿಗೆ ಬಂದು ಚಾಪೆಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅವ್ವ ಸವಿತಾ ಬಂದಳು. ಅವಳು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಶರ್ಟ್ ಹೊಲಿಯುತ್ತಿದ್ದಳು. ಹೊಲಿಯುವಲ್ಲಿಗೆ ಫೋನ್ ಬಿಡುತ್ತಿರಲಿಲ್ಲ. ಆದ್ದರಿಂದ ಅವಳ ಫೋನ್ ಹಗಲೆಲ್ಲ ಮನೆಯಲ್ಲೇ, ನೀಲಾಳ ಕೈಗೆ ಸಿಗುವ ಹಾಗೆ ಇರುತ್ತಿತ್ತು.

“ಯಾಕವಾ, ಮಾರಿ ಸಣ್ಣ ಮಾಡ್ಕೊಂಡು ಕುಂತಿ?” ಎನ್ನುತ್ತಾ ಅವ್ವ ಚೂಡಿದಾರಕ್ಕೆ ಅಂಟಿದ್ದ ನೀಲಿ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತಳು.

“ಏನಿಲ್ಲ ಬಿಡವಾ.” ಮನೆಯೊಳಗೆ ಬಂದರೆ ನೀಲಾಳ ಮಾತೂ ಊರಿನ ಮಾತಾಗುತ್ತಿತ್ತು.

“ನಂದೊಂದು ಸುದ್ದಿ ಕೇಳು. ಇನ್ನ ಮ್ಯಾಲ ನಾ ಕಾಲರ್ ಮಿಷಿನ್ನಿಗೆ ಕುಂದ್ರಂಗಿಲ್ಲ.”

ನೀಲಾ ಗಾಬರಿಯಾದಳು. “ಯಾಕ? ಕೆಲಸದಿಂದ ತಗದ್ರೇನು?”

“ಹುಚ್ಚಿ! ಫ್ಲೋಟರ್ ಮಾಡ್ಯಾರ. ಯಾರು ಬಂದಿಲ್ಲ, ಯಾರಿಗೆ ತಡಾ ಆಗೈತಿ, ಅವರ ಕೆಲಸಕ್ಕ ಕೈ ಹಚ್ಚೂದು. ಇವತ್ತ ತೋಳು ಹಚ್ಚೋ ಭಾಗ್ಯಮ್ಮ ರಜಾ ಹಾಕಿದ್ಲು, ತೋಳು ಹಚ್ಚಿದೆ. ಮಧ್ಯಾಹ್ನ ಕಫ್. ಸಂಜಿಗೆ ಮತ್ತ ತೋಳು.”

“ಅಂದ್ರ ನಿಂಗ ಸ್ವಂತ ಮಿಷಿನ್ನ ಇಲ್ಲೇನು ಈಗ?”

“ಇಲ್ಲ,” ಎಂದಳು ಅವ್ವ ಖುಷಿಯಿಂದಲೇ, ರೊಟ್ಟಿ ಹಿಟ್ಟಿಗೆ ನೀರು ಹಾಕುತ್ತಾ.

ನೀಲಾಳಿಗೆ ಸಿಟ್ಟು ಬಂತು. “ಕಾಲರ್ ಹೊಲಿಯಾಕ ನಿನ್ನಷ್ಟು ಚಲೋ ಯಾರಿಗೂ ಬರಂಗಿಲ್ಲ ಅಂತಿದ್ದಿ!”

“ಅದು ಖರೇನ. ತೋಳಿನಾಗ ಮಾತ್ರ ಭಾಗ್ಯಮ್ಮನ ಸಮ ನಾ ಬರಂಗಿಲ್ಲ. ಕಫ್‌ನಾಗೂ ಅಷ್ಟ. ಆದ್ರ ಮೂರೂ ಬರೋರು ಲೈನಿನಾಗ ಎಷ್ಟು ಮಂದಿ ಅದಾರ, ಹೇಳು?”

“ಎಷ್ಟು?”

“ನಾ ಒಬ್ಬಾಕಿ!” ಅವ್ವ ಹಿಟ್ಟಿನ ಕೈಯಿಂದಲೇ ಎದೆ ಮುಟ್ಟಿಕೊಂಡಳು. ಅಲ್ಲಿ ಬಿಳಿ ಗುರುತು ಬಿತ್ತು.

ನೀಲಾ ಅವ್ವನ ಹತ್ತಿರ ಸರಿದು ಕೂತಳು. “ಮತ್ತ ಒಂದೊಂದು ಮಿಷಿನ್ನಿಗೆ ಒಂದೊಂದು ತಾಸು ಕುಂದರ್ತಿ ಏನು?”

“ಗಡಿಯಾರ ನೋಡ್ಕೋತ ಕುಂತ್ರ ಸೂಪರ್‌ವೈಸರ್ ಮುತ್ತಣ್ಣ ನನ್ನ ಗೇಟಿನ ತನಕ ಅಟ್ಟಿಸ್ಕೊಂಡು ಬರ್ತಾನ! ನೋಡು, ಒಬ್ಬಾಕಿ ಹೊಲದು ಮುಂದಿನಾಕಿಗೆ ಕೊಡ್ತಾಳ. ಆಕಿ ಅದರ ಮುಂದಿನಾಕಿಗೆ. ಎಲ್ಲ್ಯಾರ ತಡಾ ಆತು ಅಂದ್ರ ಅಲ್ಲಿ ಪೀಸ್ ಗುಡ್ಡಿ ಬೀಳ್ತಾವ. ನಾ ಎದ್ದು ನಿಂತು ನೋಡೂದು. ಎಲ್ಲಿ ಗುಡ್ಡಿ ಎತ್ತರ ಆಗೈತಿ, ಅಲ್ಲಿ ಹೋಗಿ ಕುಂದ್ರೂದು. ಅದು ಇಳೀತು, ಏಳೂದು. ಅಷ್ಟ.”

“ಎಲ್ಲೂ ಗುಡ್ಡಿ ಇಲ್ಲಂದ್ರ?”

“ಆವಾಗ ನೀರು ಕುಡಿಯೂದು!”

ಅವ್ವ ರೊಟ್ಟಿ ಬಡಿಯತೊಡಗಿದಳು. ನೀಲಾ ಗೇಮ್ ತೆರೆದಳು. ಅಲ್ಲಿ ವೈಫೈ ಇಲ್ಲದ್ದರಿಂದ ಆಡಲಾಗಲಿಲ್ಲ, ಪರದೆ ಮಾತ್ರ ಬಂತು. ಪರದೆಯ ಎಡಗಡೆ ಮೂರು ಕೆಂಪು ಗೆರೆಗಳಿದ್ದವು. ಒಂದು ಹರ್ಷನ ಜೀವ, ಒಂದು ಮಲ್ಲಿಕ್‌ನದು, ಒಂದು ತನ್ನದು. ಏಟು, ಹೀಲ್ ಎಂದು ಎಣಿಸುವ ಭರದಲ್ಲಿ ಅವಳು ಅವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಭಾನುವಾರ ಅವ್ವ ಬಟ್ಟೆ ಒಗೆಯಲು ಕೂತಳು. ನೀಲಾ ಫೋನ್ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

“ಬಂದ್ಯಾ? ಸರದಿ ಗಿರದಿ ಅಂದ್ರೆ ನೋಡು,” ಎಂದ ಹರ್ಷ.

ಮೂರನೇ ಬಾಗಿಲು. ಕಪ್ಪೆಗಳು ಕುಪ್ಪಳಿಸಿ ಬಂದವು. ನೀಲಾ ಏನೂ ಒತ್ತದೆ ನಿಂತಳು.

“ಯಾಕೆ ನಿಂತ್ಕೊಂಡೆ? ಹ್ಯಾಂಗ್ ಆಯ್ತಾ?”

“ನೋಡ್ತಾ ಇದೀನಿ, ಇರೋ!”

ಹರ್ಷನ ಗೆರೆ ಸರ್ರನೆ ಇಳಿಯಿತು. ಅವಳು ಹೀಲ್ ಮಾಡಿದಳು. ಮತ್ತೆ ಹೀಲ್. ಮತ್ತೆ ಹೀಲ್. ನಾಲ್ಕು ಸಲ. ಒಂದೂ ಏಟು ಹೊಡೆಯಲಿಲ್ಲ. ಆ ಗೆರೆ ತುಂಬುತ್ತಿದ್ದಂತೆ ಕತ್ತಿ ತೆಗೆದು, ಗೇಟಿನ ಹತ್ತಿರ ಗುಂಪಾಗಿದ್ದ ಕಪ್ಪೆಗಳ ಮೇಲೆ ಬಿದ್ದಳು. ಬಾಗಿಲು ತೆರೆಯಿತು.

“ಲೇ, ದಾಟಿದ್ವಿ!” ಮಲ್ಲಿಕ್‌ಗೇ ನಂಬಿಕೆಯಾಗಲಿಲ್ಲ.

ನಾಲ್ಕನೇ ಬಾಗಿಲಲ್ಲಿ ಒಂದು ಕಲ್ಲಿನ ಆಮೆ ಇತ್ತು. ಬಸ್ಸಿನಷ್ಟು ದೊಡ್ಡದು. ಅದು ಹರ್ಷನನ್ನು ಗೋಡೆಗೆ ಒತ್ತಿತು.

“ಹೀಲ್ ಹಾಕು ನೀಲಾ!”

ಅವಳು ಹಾಕಿದಳು. ಅವನ ಗೆರೆ ಅರ್ಧದ ತನಕ ಬಂತು. ಅಷ್ಟರಲ್ಲಿ ಗೋಡೆಯ ಮೇಲೆ ನಿಂತಿದ್ದ ಮಲ್ಲಿಕ್‌ನ ಹಿಂದೆ ಚೇಳುಗಳು ಹತ್ತುವುದು ಕಾಣಿಸಿತು. ಎರಡು, ಐದು, ಏಳು. ಅವನು ಮುಂದೆ ಬಾಣ ಬಿಡುವುದರಲ್ಲೇ ಮುಳುಗಿದ್ದ.

“ಇನ್ನೂ ಹಾಕು! ಎಲ್ಲಿಗೆ ಹೋಗ್ತಾ ಇದೀಯ? ನೀಲಾ!”

ನೀಲಾ ಅವನ ಗೆರೆಯನ್ನು ಮತ್ತೊಮ್ಮೆ ನೋಡಿದಳು. ಆದರೂ ಅವಳು ಹರ್ಷನನ್ನು ಬಿಟ್ಟು ಗೋಡೆ ಹತ್ತಿದಳು. ಸರಕ್, ಸರಕ್, ಸರಕ್ ಎಂದು ಕತ್ತಿ ಬೀಸಿದಳು. ಏಳೂ ಚೇಳು ಕೆಳಗೆ ಬಿದ್ದವು.

“ಅಯ್ಯೋ, ಇವು ಯಾವಾಗ ಬಂದ್ವು?” ಎಂದ ಮಲ್ಲಿಕ್.

“ನಾನು ಹೋದೆ!” ಎಂದ ಹರ್ಷ. ಅವನ ಕತ್ತಿವೀರ ಕಾಲು ಮೇಲೆ ಮಾಡಿ ಬಿದ್ದಿದ್ದ. “ಎಬ್ಬಿಸು ಬೇಗ!”

ಬಿದ್ದವರನ್ನು ಎಬ್ಬಿಸಲು ಹತ್ತು ಸೆಕೆಂಡ್ ಬೇಕು. ನೀಲಾ ಆಮೆಯ ತಲೆಯ ಮೇಲಿದ್ದ ಜೀವದ ಗೆರೆ ನೋಡಿದಳು. ಉಗುರಿನಷ್ಟು ಉಳಿದಿತ್ತು. ಹತ್ತು ಸೆಕೆಂಡ್ ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತದೆ.

“ಮಲ್ಲಿಕ್, ಕಣ್ಣಿಗೆ ಹೊಡಿ!” ಎಂದು ಕೂಗಿ, ಅವಳು ಗೋಡೆಯಿಂದ ನೇರ ಆಮೆಯ ಬೆನ್ನ ಮೇಲೆ ಜಿಗಿದಳು.

ಬಾಣ ಹೋಯಿತು. ಕತ್ತಿ ಇಳಿಯಿತು. ಆಮೆ ಚೂರು ಚೂರಾಯಿತು. ನಾಲ್ಕನೇ ಬಾಗಿಲು ಕಿರ್ರೆಂದು ತೆರೆದುಕೊಂಡಿತು.

ಮಲ್ಲಿಕ್ ಎದ್ದು ಮೆಟ್ಟಿಲ ಮೇಲೇ ಕುಣಿದ. ಹರ್ಷ ಬಾಯಿ ತೆರೆದುಕೊಂಡೇ ಕೂತಿದ್ದ.

“ನಾನು ಸತ್ತಿದೀನಿ,” ಎಂದ. “ನಾನು ಸತ್ತು ಬಿದ್ದಿರೋವಾಗ ನೀವು ಗೆದ್ರಾ?”

“ನೀವಲ್ಲ, ನಾವು,” ಎಂದ ಮಲ್ಲಿಕ್. “ಎದ್ದೇಳು ಹೆಣವೇ, ಮುಂದೆ ಹೋಗೋಣ.”

ಹರ್ಷನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವನ ಫೋನಿಗೆ ಮೆಸೇಜ್ ಬಂತು. ‘ಅಣ್ಣಾ, ನಾನು ಜಾಯಿನ್ ಆಗ್ಲಾ?’ ಕೊಟ್ರೇಶ್ ಕೇಳಿದ್ದ. ಹರ್ಷ ನೀಲಾಳಿಗೆ ಕಾಣುವ ಹಾಗೆಯೇ ಫೋನ್ ಹಿಡಿದು, ‘ಟೀಮ್ ಫುಲ್ ಕಣೋ’ ಎಂದು ಟೈಪ್ ಮಾಡಿದ.

“ಐದನೇ ಬಾಗ್ಲು ಸುಮ್ನೆ ಅಲ್ಲ. ಯಾರು ಎಲ್ಲಿ ನಿಲ್ಬೇಕು ಅಂತ ಗ್ರೂಪಲ್ಲಿ ಹಾಕ್ತೀನಿ,” ಎನ್ನುತ್ತಾ ಅವನು ಬರೆಯತೊಡಗಿದ. ಹರ್ಷ: ಮುಂದೆ. ಮಲ್ಲಿಕ್: ಗೋಡೆ ಮೇಲೆ. ನೀಲಾ:

ಅವನ ಬೆರಳು ಅಲ್ಲೇ ನಿಂತಿತು. “ನಿಂದು ಏನಂತ ಬರೀಲಿ? ಮುಂದೇನಾ, ಹಿಂದೇನಾ?”

ನೀಲಾ ಯೋಚಿಸಿದಳು. ಮುಂದೆ ಎಂದರೂ ಪೂರ್ತಿ ನಿಜವಲ್ಲ, ಹಿಂದೆ ಎಂದರೂ ಅಲ್ಲ.

“ಖಾಲಿ ಬಿಡು,” ಎಂದಳು.

“ಖಾಲೀನಾ?”

“ಹ್ಞೂಂ. ಒಳಗೆ ಹೋದ್ಮೇಲೆ ನೋಡ್ಕೋತೀನಿ.”

ಹರ್ಷ ಮಲ್ಲಿಕ್‌ನ ಮುಖ ನೋಡಿದ. “ಬಿಡು ಗುರು, ಅವ್ಳಿಗೆ ಗೊತ್ತಾಗತ್ತೆ,” ಎಂದ ಮಲ್ಲಿಕ್. ಹರ್ಷ ಹಾಗೇ ಕಳಿಸಿದ.

ಟಿಣ್ ಎಂದು ಮೆಸೇಜ್ ಬಂತು. ನೀಲಾ ತನ್ನ ಹೆಸರಿನ ಮುಂದಿದ್ದ ಬಿಳಿ ಜಾಗವನ್ನು ನೋಡಿದಳು. ಮೂವರ ಜಾಗಗಳಲ್ಲಿ ಅದೇ ದೊಡ್ಡದಾಗಿ ಕಾಣಿಸಿತು.