ಅಳಿಸಿದ ಪುಟ ಯಾರದು?

ದೇವರು ಇಬ್ಬರನ್ನು ಎದುರುಬದುರು ಕೂರಿಸುವಾಗ ಕೆಲವೊಮ್ಮೆ ಮೊದಲು ಜಗಳವನ್ನೇ ಬಡಿಸುತ್ತಾನೆ.

“ನನ್ನ ಪುಟಗಳನ್ನ ಕಿತ್ತೆಸೆಯೋಕೆ ಬಂದವರು ನೀವೇನಾ?” ಎಂದಳು ಅವಳು.

ಆಸ್ಪತ್ರೆಯ ವೆಬ್‌ಸೈಟನ್ನು ಒಂಬತ್ತು ವರ್ಷ ಒಬ್ಬಳೇ ಕಟ್ಟಿ ಸಾಕಿದವಳು. ಅದಕ್ಕೆ ಹೊಸ ಫ್ರೇಮ್‌ವರ್ಕ್, ಅಂದರೆ ಪುಟಗಳನ್ನು ಕಟ್ಟುವ ಹೊಸ ಚೌಕಟ್ಟು, ಅಳವಡಿಸಲು ಬಂದಿದ್ದ ಅವನು ಇನ್ನೂ ಹೆಗಲ ಚೀಲವನ್ನೇ ಇಳಿಸಿರಲಿಲ್ಲ.

“ಕಿತ್ತೆಸೆಯಲ್ಲ. ಮನೇಲಿ ಇದ್ಕೊಂಡೇ ಒಂದೊಂದು ಕಿಟಕಿ ಬದಲಾಯಿಸಿದ ಹಾಗೆ. ಹೊಂದದಿದ್ರೆ ಹಳೇದೇ ಇರ್ಲಿ.”

“ಶುರುವಿನಲ್ಲಿ ಎಲ್ಲರೂ ಹೀಗೇ ಹೇಳೋದು.”

ಮೊದಲ ತಿಂಗಳು ಸೈಟಿನ ಸರ್ಚ್ ಬಾಕ್ಸ್ ಒಂದೇ ಹೊಸದಾಯಿತು. ಆಮೇಲೆ ವೈದ್ಯರ ಪಟ್ಟಿ. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಏನನ್ನು ಮುಟ್ಟುವ ಮೊದಲೂ, “ಈ ಸಾಲು ಯಾಕೆ ಬರೆದ್ರಿ?” ಎಂದು ಅವನು ಕೇಳುತ್ತಿದ್ದ.

ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಲ್ಲ...

ಬೆಳಗ್ಗೆ ಬಾಗಿಲು ಸದ್ದಾದರೆ ಅವಳ ಕತ್ತು ತಾನಾಗಿಯೇ ತಿರುಗತೊಡಗಿತು.

“ಕತ್ತು ಉಳುಕೀತು ಕಣೇ,” ಎಂದು ಸ್ವಾಗತದ ಮೇಜಿನ ಅಕ್ಕ ಕಾಲೆಳೆದಳು.

ಒಂದು ಸೋಮವಾರ ಅವನ ಬೆನ್ನ ಹಿಂದೆ ಹಾದುಹೋಗುವಾಗ ಅವಳಿಗೆ ಕಂಡಿತು: ಡಾಕ್ಟರ ಭೇಟಿಗೆ ಸಮಯ ಕಾದಿರಿಸುವ ಪುಟವನ್ನು ಅವನು ಅಳಿಸುತ್ತಿದ್ದ. ಅಮ್ಮನ ನಡುಗುವ ಬೆರಳಿಗೆಂದು ದೊಡ್ಡ ಬಟನ್ ಇಟ್ಟು ಅವಳು ಬರೆದ ಮೊಟ್ಟಮೊದಲ ಪುಟ.

ಕೇಳಲೂ ಇಲ್ಲ...

ಅವಳು ತನ್ನ ಕುರ್ಚಿಗೆ ಮರಳಿದಳು. ಬೇರೆ ಶಾಖೆಗೆ ವರ್ಗ ಕೇಳಿ ಅರ್ಜಿ ಬರೆದಳು. ಕೊಡಲು ಹೊರಟವಳನ್ನು ಅಕ್ಕ ತಡೆದಳು.

“ಎಲ್ಲಿಗೆ ಇದು?”

“ನನ್ನ ಮೊದಲ ಪುಟಾನೇ ಅಳಿಸಿಬಿಟ್ರು ಅಕ್ಕ.”

“ಅವನು ಅಳಿಸಿದ್ದು ನಿಂದಲ್ಲ ಮಾರಾಯ್ತಿ, ತಾನು ಬರೆದದ್ದು! ಹೊಸ ಪುಟಾನ ಪರೀಕ್ಷೆಗೆ ಅಂತ ನನ್ನ ಕಂಪ್ಯೂಟರಲ್ಲಿ ಹಾಕಿದ್ದ. ವಾರವೆಲ್ಲ ನಿಂತು ನೋಡ್ದ. ವಯಸ್ಸಾದವರು ಅದರಲ್ಲಿ ತಡವರಿಸ್ತಿದ್ರು, ನಿನ್ನದ್ರಲ್ಲಿ ಸಲೀಸು.”

ಅವಳು ನೇರ ಅವನ ಮೇಜಿಗೆ ಹೋದಳು.

“ಹೇಳಬಾರದಿತ್ತಾ?”

“ಮೂರು ವಾರ ಕೂತು ಬರೆದದ್ದು ನಿಮ್ಮ ಪುಟದ ಮುಂದೆ ಸೋತಿತು. ಹೆಂಗೆ ಹೇಳ್ಲಿ... ನಾಚಿಕೆ ಆಯ್ತು.”

ಅವಳ ಕೈಯ ಅರ್ಜಿ ಅವನ ಕಣ್ಣಿಗೆ ಬಿತ್ತು. ಮುಖ ಬಾಡಿತು.

“ಹೋಗ್ತಿದೀರಾ?”

“ಈಗ ತಾನೇ ಹೋಗೋಳಿದ್ದೆ.”

“ಇನ್ನೂ ಹದಿನೇಳು ಪುಟ ಇದೆ. ಅದು ಮುಗಿದ ಮೇಲೂ ನಿಮ್ಮ ಜೊತೆ ಇರೋ ಆಸೆ ನನಗೆ.” ಅವನ ದನಿ ಇಳಿಯಿತು. “ಮನೆಗೆ ಬಂದು ಹಿರಿಯರನ್ನ ಕೇಳ್ಲಾ?”

ಅವಳು ಅರ್ಜಿಯನ್ನು ನಾಲ್ಕಾಗಿ ಮಡಚಿದಳು.

“ಮೊದಲು ನನ್ನನ್ನ ಕೇಳಿ.”

“ಕೇಳ್ತಿದೀನಲ್ಲ...”

“ಇನ್ನೊಂದ್ಸಲ,” ಎನ್ನುತ್ತ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.